ಚೀಟಿಯಿಲ್ಲದ ಗುರುವಾರ

ಗಲ್ಫಿನ ಅಲ್ ಖೋಬರಿನಲ್ಲಿ ವಿದೇಶಿ ಇಂಜಿನಿಯರುಗಳು ವಾಸವಾಗಿದ್ದ ಆ ಕಂಪೌಂಡಿನಲ್ಲಿ ಅಡುಗೆಯವರು ಹತ್ತು ಹದಿನೈದು ಮಂದಿ ಇದ್ದರು. ಮಲಯಾಳಿಗಳು, ಗೋವಾದವರು, ಫಿಲಿಪೈನ್ಸಿನವರು, ಒಬ್ಬ ಸಿಲೋನಿನವನು. ಅವರ ಯಜಮಾನಿಯರೆಲ್ಲ ಸೂಪರ್ ಮಾರ್ಕೆಟ್ಟಿನಿಂದ ಡಬ್ಬ, ಪ್ಯಾಕೆಟ್ಟು, ಕಲ್ಲಿನಂಥ ಫ್ರೀಜರ್ ಕೋಳಿ ಹೇರಿಕೊಂಡು ಬರುವವರು. ಡಬ್ಬ ಒಡೆದರೆ ಅರ್ಧ ಅಡುಗೆ ಮುಗಿಯಿತು. ಸುಖದ ಚಾಕರಿ. ಮುಕ್ಕದ ಮೂಸಬ್ಬನ ಹಣೆಯಲ್ಲಿ ಮಾತ್ರ ಆ ಸುಖ ಬರೆದಿರಲಿಲ್ಲ. ಅವನ ಪಾಲಿಗೆ ಬಂದದ್ದು ಮದಾಮ್ ಒದೀಲ್.

ಮದಾಮ್ ಅಂತಲೇ ಕರೆಯಬೇಕು, ಮೇಡಂ ಅಂದರೆ ಮುಖ ಕೆಂಪಾಗುತ್ತಿತ್ತು. ಗಂಡ ಫ್ರೆಂಚ್ ಕಂಪನಿಯೊಂದರ ಇಂಜಿನಿಯರ್. ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರ ಕಟ್ಟಲು ಬಂದವರು. ಪಾಪದ ಮನುಷ್ಯ, ತಟ್ಟೆಗೆ ಬಿದ್ದದ್ದನ್ನು ತಿಂದು ಏಳುವ ಜಾತಿ. ಹೆಂಡತಿ ಹಾಗಲ್ಲ. ಐವತ್ತೈದು ದಾಟಿದ, ಗಟ್ಟಿ ಮೈಕಟ್ಟಿನ, ಯಾವಾಗಲೂ ಹುಬ್ಬು ಗಂಟಿಕ್ಕಿಕೊಂಡಿರುವ ಹೆಂಗಸು. ಬೊಂಬಾಯಿಯ ಡೋಂಗ್ರಿಯಲ್ಲಿ ಹದಿನೆಂಟು ವರ್ಷ ಹೋಟೆಲಿನ ಭಟ್ಟಿಯ ಮುಂದೆ ನಿಂತು ಬಂದಿದ್ದ ಮೂಸಬ್ಬನ ಕೈಗೆ ಮೊದಲ ದಿನವೇ ಒಂದು ಈರುಳ್ಳಿ ಕೊಟ್ಟು, ಅವನು ಹೆಚ್ಚಿದ್ದನ್ನು ನೋಡಿ, ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದು, ಇನ್ನೊಂದು ಈರುಳ್ಳಿ ಕೊಟ್ಟಿದ್ದರು. ಸಾಯಂಕಾಲದೊಳಗೆ ಒಂಬತ್ತು ಈರುಳ್ಳಿ. ಮೂಸಬ್ಬ ಅತ್ತದ್ದು ಈರುಳ್ಳಿಗೋ ಸಿಟ್ಟಿಗೋ ಅವನಿಗೇ ಗೊತ್ತಾಗಲಿಲ್ಲ.

ಮದಾಮಿನ ಅಡುಗೆಗೆ ಒಂದೇ ಕಾನೂನು: ಕಾಲದ್ದನ್ನು ಕಾಲಕ್ಕೆ ತಿನ್ನಬೇಕು. ಜನವರಿಯಲ್ಲಿ ಪಕ್ಕದ ಊರು ಕತೀಫಿನ ತೋಟದ ಕ್ಯಾರೆಟ್ಟು, ಟರ್ನಿಪ್ಪು, ಈರುಳ್ಳಿಯ ದೊಡ್ಡಣ್ಣನ ಹಾಗಿರುವ ಉದ್ದನೆಯ ಲೀಕು, ಇವನ್ನೆಲ್ಲ ದನದ ಮಾಂಸದೊಂದಿಗೆ ದೊಡ್ಡ ಪಾತ್ರೆಗೆ ಹಾಕಿ ಬೆಳಿಗ್ಗೆ ಏಳಕ್ಕೆ ಒಲೆಗಿಟ್ಟರೆ ಮಧ್ಯಾಹ್ನದ ಲುಹರ್ ಬಾಂಗಿನವರೆಗೂ ಅದು ಸಣ್ಣ ಉರಿಯಲ್ಲಿ ಗುಳುಗುಳು ಅನ್ನುತ್ತಿರಬೇಕು. ಮಾರ್ಚಿನಲ್ಲಿ ಅವರೆಯ ಹಾಗಿರುವ ದಪ್ಪ ಕಾಳು ಬರುತ್ತಿತ್ತು. ಅದರ ಎರಡು ಸಿಪ್ಪೆಯನ್ನೂ ಸುಲಿದು ಬರೀ ಬೆಣ್ಣೆಯಲ್ಲಿ ಆಡಿಸುವುದು. ಜೂನಿನಲ್ಲಿ ಬದನೆ, ಟೊಮೆಟೊ, ದೊಣ್ಣೆಮೆಣಸು ಒಟ್ಟಿಗೆ ಎಣ್ಣೆಯಲ್ಲಿ ಕರಗುವವರೆಗೆ ಬೇಯುವುದು. ಜುಲೈಯಲ್ಲಿ ಅಂಜೂರ, ತೆಳ್ಳನೆಯ ಹಿಟ್ಟಿನ ಹಾಳೆಯ ಮೇಲೆ ಸಾಲಾಗಿ ಕೂತು ಒವನ್ನಿಗೆ ಹೋಗುತ್ತಿತ್ತು. ಆಗಸ್ಟಿನಲ್ಲಿ ಸಿಗಡಿ. ವೈನ್ ಹಾಕಬೇಕಾದ ಕಡೆ ಹೆಂಡಕ್ಕೆ ನಿಷೇಧವಿರುವ ಆ ದೇಶದಲ್ಲಿ ವೈನ್ ಎಲ್ಲಿಂದ ಬರಬೇಕು? ದ್ರಾಕ್ಷಿ ರಸಕ್ಕೆ ನಾಲ್ಕು ಹನಿ ವಿನೆಗರ್ ಬಿಟ್ಟು, ಮೇಲೆ ನೋಡಿ ಏನೋ ಗೊಣಗುತ್ತಿದ್ದರು. ಯಾರ ಹತ್ತಿರವೋ ಕ್ಷಮೆ ಕೇಳಿದ ಹಾಗೆ.

ಒಂದು ಆಗಸ್ಟಿನಲ್ಲಿ ಕಂಪನಿಯ ದೊಡ್ಡ ಸಾಹೇಬರ ಹೆಂಡತಿ ವಿಮಾನದಲ್ಲಿ ಬಂದ ಸ್ಟ್ರಾಬೆರಿ ಒಂದು ಬುಟ್ಟಿ ಕಳಿಸಿದ್ದರು. ಮದಾಮ್ ಬಾಗಿಲಲ್ಲಿ ನಗುನಗುತ್ತ ತೆಗೆದುಕೊಂಡು, ಬಾಗಿಲು ಮುಚ್ಚಿ, ಬುಟ್ಟಿಯನ್ನು ಮೂಸಬ್ಬನ ಕೈಗೆ ತುರುಕಿದರು. "ಇದನ್ನು ನನ್ನ ಮನೆಯಿಂದ ಹೊರಗೆ ಹಾಕು. ಆಗಸ್ಟಿನಲ್ಲಿ ಸ್ಟ್ರಾಬೆರಿ! ಇದು ಹಣ್ಣಲ್ಲ, ಸುಳ್ಳು!" ಅವರ ಮುರುಕು ಇಂಗ್ಲಿಷು ಇವನ ಮುರುಕು ಇಂಗ್ಲಿಷಿಗೆ ಹೇಗೋ ಅರ್ಥವಾಗುತ್ತಿತ್ತು. ಕುರುಡನ ಹೆಗಲ ಮೇಲೆ ಕುಂಟ ಕೂತು ದಾರಿ ತೋರಿಸಿದ ಹಾಗೆ.

ಇದನ್ನೆಲ್ಲ ನೋಡಿ ಮೂಸಬ್ಬ ತನ್ನಷ್ಟಕ್ಕೆ ಒಂದು ತೀರ್ಮಾನಕ್ಕೆ ಬಂದಿದ್ದ. ಹೆಂಗಸು ಜಿಪುಣಿ. ಕಾಲದ್ದು ಅಂದರೆ ಅಗ್ಗದ್ದು, ಅಷ್ಟೆ. ರಾಶಿ ಬಿದ್ದಾಗ ತಿನ್ನುವುದು, ಇಲ್ಲದಾಗ ಸುಮ್ಮನಿರುವುದು. ಇದನ್ನು ಕಲಿಯಲು ಫ್ರಾನ್ಸಿನಲ್ಲಿ ಹುಟ್ಟಬೇಕೆ ಮಾರಾಯರೆ? ಮುಕ್ಕದಲ್ಲಿ ಅವನ ಅತ್ತೆಯೂ ಇದನ್ನೇ ಮಾಡುತ್ತಿದ್ದರು, ಅವರನ್ನು ಯಾರೂ ಮದಾಮ್ ಅನ್ನಲಿಲ್ಲ. ತೀರ್ಮಾನ ತಪ್ಪು. ಆದರೆ ತಪ್ಪು ತೀರ್ಮಾನಕ್ಕೆ ಇರುವಷ್ಟು ಆಯುಸ್ಸು ಸರಿಯಾದದ್ದಕ್ಕೆ ಎಲ್ಲಿ ಉಂಟು? ಐದು ವರ್ಷ ಅವನ ತಲೆಯಲ್ಲಿ ಅದು ಆರಾಮವಾಗಿ ಕೂತಿತ್ತು.

ಮೊದಲ ಎರಡು ವರ್ಷ ಪ್ರತಿ ಗುರುವಾರ ಮದಾಮ್ ತಾವೇ ಕತೀಫಿನ ಸಂತೆಗೆ ಬರುತ್ತಿದ್ದರು. ಹಿಮ್ಮಡಿಯವರೆಗೆ ಇಳಿಬಿದ್ದ ಕಪ್ಪು ಉಡುಪು, ತಲೆಗೆ ಬಟ್ಟೆ, ಕೈಯಲ್ಲಿ ಬೆತ್ತದ ಬುಟ್ಟಿ. ಖರ್ಜೂರದ ತೋಟಗಳ ನಡುವಿನ ಆ ಸಣ್ಣ ಊರಿನಲ್ಲಿ ವಾರಕ್ಕೊಮ್ಮೆ ನೆಲದ ಮೇಲೆ ಪೇಟೆ ಅರಳುತ್ತಿತ್ತು. ಈಚಲ ಚಾಪೆಯ ಮೇಲೆ ಸೊಪ್ಪಿನ ಕಟ್ಟುಗಳು, ನಿಂಬೆಯ ಗುಡ್ಡೆ, ಪಂಜರದಲ್ಲಿ ಕೋಳಿ, ಪಾರಿವಾಳ, ಮೊಲ. ಒಂದು ಕಡೆ ಮಣ್ಣಿನ ಹೂಜಿ, ಇನ್ನೊಂದು ಕಡೆ ಕತ್ತೆಗಳ ವ್ಯಾಪಾರ. ಗಾಳಿ ತಿರುಗಿದರೆ ಮೀನಿನ ವಾಸನೆ. ಆ ವಾಸನೆ ಬಂದರೆ ಸಾಕು, ಮೂಸಬ್ಬನ ಎದೆ ಒಮ್ಮೆ ಮುಕ್ಕದ ಕಡಲ ಕರೆಗೆ ಹೋಗಿ ಬರುತ್ತಿತ್ತು. ಮದಾಮ್ ಟೊಮೆಟೊವನ್ನು ಮೂಗಿಗೆ ಹಿಡಿದು ಮೂಸುವರು, ಮೀನಿನ ಕಿವಿರು ಎತ್ತಿ ನೋಡುವರು, ಬೆಲೆ ಕೇಳಿ ಹಾ ಎಂದು ಎದೆಗೆ ಕೈ ಒತ್ತಿಕೊಳ್ಳುವರು. ಸಂತೆಯ ಮುದುಕರಿಗೆ ಆಕೆ ಬಂದರೆ ನಾಟಕ ಬಂದಷ್ಟು ಖುಷಿ. ಖೋಬರಿನ ಮನೆಯಲ್ಲಿ ಗಂಟಿಕ್ಕಿರುತ್ತಿದ್ದ ಹುಬ್ಬು ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಅದು ಯಾಕೆ ಅಂತ ಮೂಸಬ್ಬ ಯಾವತ್ತೂ ಯೋಚಿಸಲಿಲ್ಲ.

ಆಮೇಲೆ ಮದಾಮಿನ ಮಂಡಿ ಹಿಡಿದುಕೊಂಡಿತು. ಅಲ್ಲಿಂದ ಚೀಟಿ ಶುರುವಾಯಿತು. ಮೂಸಬ್ಬನಿಗೆ ನಾಲ್ಕನೇ ಕ್ಲಾಸಿನ ಕನ್ನಡ ಬಿಟ್ಟರೆ ಓದಲು ಬರದು. ಅದಕ್ಕೆ ಮದಾಮ್ ಚಿತ್ರ ಬರೆದು ಕೊಡುತ್ತಿದ್ದರು. ಮೂರು ಬದನೆ, ಒಂದು ಮೀನು, ಪಕ್ಕದಲ್ಲಿ ಒಂದು ಹೆಬ್ಬೆರಳು, ಅಂದರೆ ಕ್ಯಾರೆಟ್ಟು ಇಷ್ಟೇ ದಪ್ಪ ಇರಬೇಕು. ಮೂಸಬ್ಬ ಚೀಟಿಯಲ್ಲಿದ್ದದ್ದನ್ನು ಚಾಚೂ ತಪ್ಪದೆ ತರುತ್ತಿದ್ದ. ಅಡುಗೆಯನ್ನೂ ಹಾಗೆಯೇ ಮಾಡುತ್ತಿದ್ದ. ಮದಾಮ್ ಒಂದು ಚಮಚ ಬಾಯಿಗಿಟ್ಟು "ಪಾ ಮಾಲ್" ಅನ್ನುವರು. ಅಡ್ಡಿಯಿಲ್ಲ ಅಂತ ಅರ್ಥ. ಐದು ವರ್ಷದಲ್ಲಿ ಅದಕ್ಕಿಂತ ದೊಡ್ಡ ಮಾತು ಅವರ ಬಾಯಿಂದ ಬೀಳಲಿಲ್ಲ.

ಎಂಬತ್ತಾರನೆಯ ಇಸವಿ ಬಂತು. ಎಣ್ಣೆಯ ಬೆಲೆ ಬಿದ್ದಿತು. ಬಿದ್ದದ್ದೇ ಕಂಪನಿಗಳು ಒಂದೊಂದಾಗಿ ಗುಡಾರ ಕೀಳತೊಡಗಿದವು. ಮಾರ್ಚ್ ಕೊನೆಗೆ ಮದಾಮಿನ ಗಂಡನ ಕೆಲಸವೂ ಮುಗಿಯಿತು. ವೀಸಾ ಕೊಟ್ಟ ಅರಬಿ, ಕಫೀಲ್, ಮೂಸಬ್ಬನನ್ನು ಕರೆದು ಹೇಳಿದ: ಜುಬೈಲಿನಲ್ಲಿ ಒಬ್ಬ ಫ್ರೆಂಚ್ ಇಂಜಿನಿಯರನಿಗೆ ಅಡುಗೆಯವನು ಬೇಕಂತೆ, ನಿನ್ನ ಮದಾಮಿನಿಂದ ಒಳ್ಳೆಯ ಕಾಗದ ತಂದರೆ ನಿನ್ನ ವಾಸದ ಪರವಾನಗಿ, ಇಕಾಮಾ, ಅಲ್ಲಿಗೆ ವರ್ಗಾಯಿಸುತ್ತೇನೆ, ಇಲ್ಲವೋ ಖಲಾಸ್, ಊರಿಗೆ ಹೋಗು.

ಊರಿಗೆ ಹೋಗುವುದು ಅಂದರೆ ಕಮಾಲುದ್ದೀನನ ಹೋಟೆಲಿಗೆ ಹೋಗುವುದು. ಕಮಾಲುದ್ದೀನ್ ಅಂದರೆ ಹೆಂಡತಿ ಬೀಫಾತಿಮಾಳ ಅಣ್ಣ. ಹೆದ್ದಾರಿಯ ಬದಿಯಲ್ಲಿ ಅವನದೊಂದು ಚಾ ಹೋಟೆಲು. "ಗಲ್ಫಿನಲ್ಲಿ ಬಿಳಿಯರಿಗೆ ಎಂತ ಬೇಯಿಸಿ ಹಾಕುತ್ತೀ ಭಾವ? ಇಲ್ಲಿ ಬಂದು ನಾಲ್ಕು ಗೋಳಿಬಜೆ ಬಿಡು ನೋಡುವ" ಅಂತ ಪ್ರತಿ ರಜೆಯಲ್ಲೂ ನಾಲ್ಕು ಜನರ ಮುಂದೆ ಕೆಣಕುವವನು. ನಲವತ್ತೆಂಟರ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಹೆಂಡತಿಯ ಅಣ್ಣನ ಬಾಣಲೆಯ ಮುಂದೆ ಅವನ ಕಣ್ಣ ಕೆಳಗೆ ನಿಲ್ಲುವುದಕ್ಕಿಂತ ಕಡಲಿಗೆ ಹಾರುವುದು ವಾಸಿ ಅನ್ನಿಸಿತು ಮೂಸಬ್ಬನಿಗೆ.

ಕಾಗದ ಕೇಳಿದ. ಮದಾಮ್ ಕನ್ನಡಕ ತೆಗೆದು ಅವನನ್ನು ನೋಡಿದರು.

"ನಾನು ನಿಜವನ್ನು ಮಾತ್ರ ಬರೆಯುತ್ತೇನೆ, ಮೂಸಾ. ಚೀಟಿ ಕೊಟ್ಟರೆ ನೀನು ನನ್ನ ಅಕ್ಕನಷ್ಟು ಚೆನ್ನಾಗಿ ಅಡುಗೆ ಮಾಡುತ್ತೀ. ಆದರೆ ಜುಬೈಲಿನ ಹುಡುಗಿಗೆ ಏನೂ ಗೊತ್ತಿಲ್ಲ. ಹೊಸದಾಗಿ ಮದುವೆಯಾದವಳು. ಅವಳು ಚೀಟಿ ಬರೆಯಲಾರಳು. ಅಡುಗೆಮನೆಯನ್ನು ನೀನು ಒಬ್ಬನೇ ನಡೆಸಬೇಕು. ನಿನ್ನಿಂದ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ."

"ಆಗುತ್ತದೆ ಮದಾಮ್."

"ನೋಡೋಣ. ಗುರುವಾರ ಚೀಟಿ ಇಲ್ಲ. ನೀನೇ ತಾ, ನೀನೇ ಮಾಡು. ಊಟ ಮುಗಿದ ಮೇಲೆ ಬರೆಯುತ್ತೇನೆ. ಶನಿವಾರ ನಮ್ಮ ವಿಮಾನ."

ಗುರುವಾರ ಬೆಳಿಗ್ಗೆ ಆರಕ್ಕೆ ಕಂಪನಿಯ ಪಿಕಪ್ಪಿನಲ್ಲಿ ಹೊರಟರು, ಮೂಸಬ್ಬ ಮತ್ತು ಡ್ರೈವರ್ ಅಣ್ಣು. ಅಣ್ಣು ಹೆಜಮಾಡಿಯವನು, ಮೂವತ್ತರ ಒಳಗಿನವನು, ಬಾಯಿಗೆ ಬೀಗ ಇಲ್ಲದವನು. ಇಬ್ಬರ ಊರಿನ ನಡುವೆ ಐದಾರು ಮೈಲಿ. ಹಾಗಾಗಿ ಅಣ್ಣುವಿಗೆ ಮೂಸಬ್ಬನ ಮೇಲೆ ಅಣ್ಣನ ಮೇಲಿರುವ ಸಲುಗೆ.

ಆ ವರ್ಷ ಚಳಿಗಾಲದಲ್ಲಿ ಒಳ್ಳೆಯ ಮಳೆ ಬಿದ್ದಿತ್ತು. ಮರುಭೂಮಿಗೆ ಮಳೆ ಬಿದ್ದರೆ ಅದರ ಚಂದವೇ ಬೇರೆ. ಸಂತೆಯ ತುದಿಯಲ್ಲಿ, ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಬದೂ ಅಲೆಮಾರಿ ಹೆಂಗಸರು ಮರಳಿನಲ್ಲಿ ತಾನಾಗಿ ಹುಟ್ಟಿದ್ದನ್ನು ಕಿತ್ತು ತಂದು ರಾಶಿ ಹಾಕಿಕೊಂಡು ಕೂತಿದ್ದರು. ಅದರಲ್ಲಿ ಹುಮ್ಮೈದ್ ಎಂಬ ಒಂದು ಹುಳಿಸೊಪ್ಪು. ಹೆಬ್ಬೆರಳ ಉಗುರಿನಷ್ಟು ಅಗಲದ ದಪ್ಪ ಎಲೆ, ಕೆಂಪು ಕಾಗದದಂಥ ಬೀಜ. ಬಾಯಿಗೆ ಹಾಕಿದರೆ ಹಲ್ಲು ಚುಳ್ ಅನ್ನುವ ಹುಳಿ. ಪ್ರತಿ ವರ್ಷ ಈ ಕಾಲಕ್ಕೆ ಮೂಸಬ್ಬ ಮದಾಮಿನ ಸಾಮಾನೆಲ್ಲ ಮುಗಿಸಿ, ಅವರ ಕಣ್ಣಿಗೆ ಬೀಳದ ಹಾಗೆ ತನಗೆಂದು ಎರಡು ಕಟ್ಟು ಹುಮ್ಮೈದ್, ಒಂದು ಸಬೂರ್ ಮೀನು ತೆಗೆದುಕೊಳ್ಳುತ್ತಿದ್ದ. ಸಬೂರ್ ಅಂದರೆ ಮೈಯೆಲ್ಲ ಮುಳ್ಳು, ಮುಳ್ಳಿನ ನಡುವೆ ಬೆಣ್ಣೆಯಂಥ ಮಾಂಸ. ಬಿಳಿಯರು ಅದನ್ನು ಮುಟ್ಟುವುದಿಲ್ಲ. ಇವನು ತನ್ನ ಕೋಣೆಯ ಸೀಮೆಎಣ್ಣೆ ಸ್ಟೌವಿನಲ್ಲಿ ಎರಡನ್ನೂ ಒಟ್ಟಿಗೆ ಬೇಯಿಸಿ, ಕುಚ್ಚಲಕ್ಕಿ ಅನ್ನದ ಮೇಲೆ ಸುರಿದುಕೊಂಡು, ಅಡುಗೆಮನೆಯ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು ಬೆರಳು ನೆಕ್ಕುತ್ತಿದ್ದ. ವರ್ಷದಲ್ಲಿ ಅವನಿಗೆ ನಿಜವಾಗಿ ಹೊಟ್ಟೆ ತುಂಬುತ್ತಿದ್ದದ್ದು ಆ ಮೂರು ನಾಲ್ಕು ವಾರ.

ಈ ಸಲವೂ ಕೈ ತನ್ನಿಂತಾನೆ ಎರಡು ಕಟ್ಟು ಎತ್ತಿತು. ಅಷ್ಟರಲ್ಲಿ ಅಣ್ಣು ಬಾಯಿ ಹಾಕಿದ.

"ಮೂಸಾಕ, ಇವತ್ತು ಇದನ್ನೇ ಮಾಡಿ ಹಾಕಿ. ಕಾಲದ್ದು, ಕಾಲದ್ದು ಅಂತ ಬಡ್ಕೊಳ್ತಾರಲ್ಲ ನಿಮ್ಮ ಮದಾಮ್, ಇದಕ್ಕಿಂತ ಕಾಲದ್ದು ಬೇರೆ ಉಂಟಾ?"

"ನಿನ್ನ ತಲೆ! ಹೊರಟು ನಿಂತವರಿಗೆ ಸೊಪ್ಪು ಹಾಕಿ ಕಳಿಸುವುದಾ? ನಿಮ್ಮ ಮನೆಯಲ್ಲಿ ನೆಂಟರು ಹೊರಡುವಾಗ ಎಂತ ಮಾಡ್ತೀರಿ?"

"ಕೋಳಿ ಕೊಯ್ತೇವೆ."

"ಮತ್ತೆ? ನಮ್ಮಲ್ಲಿ ತುಪ್ಪದನ್ನ, ಬಿರಿಯಾನಿ. ಸೊಪ್ಪು, ಮುಳ್ಳು ಮೀನು ಇದೆಲ್ಲ ನಾವು ನಾವೇ ಇರುವಾಗ. ಹೊರಗಿನವರು ಬಂದರೆ ಪಾತ್ರೆಯನ್ನೇ ಅಡಗಿಸಿಡ್ತಾಳೆ ಬೀಫಾತಿಮಾ. ಐದು ವರ್ಷ ಅನ್ನ ಕೊಟ್ಟ ಹೆಂಗಸು ಮಾರಾಯ. ಐದು ವರ್ಷ ಜಿಪುಣತನ ಮಾಡಿದರು, ಮಾಡಲಿ. ಕೊನೆಯ ದಿನವಾದರೂ ರಾಣಿಯ ಹಾಗೆ ಉಣ್ಣಲಿ."

ಇದೇ ನೋಡಿ ಅವನ ಲೆಕ್ಕ. ಮರ್ಯಾದೆ ಅಂದರೆ ದುಬಾರಿ. ಅವನದೇನೂ ಕೆಟ್ಟ ಮನಸ್ಸಲ್ಲ. ನಮ್ಮ ಕರಾವಳಿಯಲ್ಲಿ ಯಾವ ಮನೆಯಲ್ಲಿ ಕೇಳಿದರೂ ಇದೇ ಲೆಕ್ಕ. ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಹುಟ್ಟುವಾಗಲೇ ಕಿವಿಯಲ್ಲಿ ಊದಿರುತ್ತಾರೆ.

ಹಾಗಾಗಿ ಸಂತೆಯಲ್ಲಿ ಮದಾಮಿಗೆಂದು ಅವನು ಏನನ್ನೂ ಕೊಳ್ಳಲಿಲ್ಲ. ಕಾಳು ಇತ್ತು, ಎಳೆ ಕ್ಯಾರೆಟ್ಟು ಇತ್ತು, ಆಗ ತಾನೆ ದಡಕ್ಕೆ ಬಂದ ಮೀನು ಇತ್ತು. ಎಲ್ಲದರ ಮುಂದೆಯೂ ತಲೆ ಎತ್ತಿ ನಡೆದು ಬಂದ. ತನ್ನ ಸೊಪ್ಪು, ತನ್ನ ಮೀನು ಕಟ್ಟಿಕೊಂಡು ನೇರ ಖೋಬರಿನ ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಫ್ರಾನ್ಸಿನಿಂದ ಬಂದ ಫ್ರೀಜರ್ ಬಾತುಕೋಳಿ, ಫ್ರಾನ್ಸಿನದೇ ಡಬ್ಬದ ಅಸ್ಪಾರಗಸ್, ಎಲ್ಲಿಂದಲೋ ಹಾರಿ ಬಂದ ಪೀಚ್ ಹಣ್ಣು, ಒಂದು ಬಾಟಲಿ ಕೆನೆ ತಂದ. ಹೆಂಗಸು ತನ್ನ ದೇಶದ ಸಾಮಾನು ನೋಡಿ ಕಣ್ಣೀರು ಹಾಕಬೇಕು ಅಂತ ಅವನ ಆಸೆ.

ಅಡುಗೆ ಚೆನ್ನಾಗಿಯೇ ಆಯಿತು. ಬಾತುಕೋಳಿಯ ಚರ್ಮ ಹಪ್ಪಳದ ಹಾಗೆ ಗರಿಗರಿ. ಎರಡೂವರೆಗೆ ಬಡಿಸಿದ. ಸಾಹೇಬರು ಎರಡು ಸಲ ಹಾಕಿಸಿಕೊಂಡು, ತಟ್ಟೆಯನ್ನು ಬ್ರೆಡ್ಡಿನಲ್ಲಿ ಒರೆಸಿ, "ಬ್ರಾವೋ ಮೂಸಾ" ಅಂದು ಮಲಗಲು ಎದ್ದು ಹೋದರು. ಮದಾಮ್ ಅರ್ಧ ತಿಂದು ಫೋರ್ಕು ಕೆಳಗಿಟ್ಟರು.

"ಅಸ್ಪಾರಗಸ್ ಎಲ್ಲಿಯದು?"

"ಡಬ್ಬ, ಮದಾಮ್. ಫ್ರಾನ್ಸಿನ ಡಬ್ಬ. ಒಳ್ಳೆಯದು."

"ಪೀಚು?"

"ವಿಮಾನ."

"ಕತೀಫಿಗೆ ಹೋಗಲೇ ಇಲ್ಲವೋ?"

"ಹೋದೆ ಮದಾಮ್."

"ಅಲ್ಲಿ ಏನೂ ಇರಲಿಲ್ಲವೋ?"

ನಿಮಗೆ ಯೋಗ್ಯವಾದದ್ದು ಏನೂ ಇರಲಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಲು ಮೂಸಬ್ಬನಿಗೆ ಬರಲಿಲ್ಲ. ಮದಾಮ್ ಅಲ್ಲೇ ಮೇಜಿನ ಮೇಲೆ ಕಾಗದ ತೆಗೆದು ಮೂರು ಸಾಲು ಬರೆದರು. ಮುಚ್ಚಿಡುವ ಜನವಲ್ಲ ಆಕೆ. ಬರೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿಯೂ ಬಿಟ್ಟರು. "ಪ್ರಾಮಾಣಿಕ ಮನುಷ್ಯ. ಶುಚಿ. ಏನು ಮಾಡಬೇಕು ಅಂತ ಯಾರಾದರೂ ಹೇಳಿದರೆ ಚೆನ್ನಾಗಿ ಮಾಡುತ್ತಾನೆ. ಕ್ಷಮಿಸು ಮೂಸಾ. ಇದಕ್ಕಿಂತ ಹೆಚ್ಚು ಬರೆದರೆ ಸುಳ್ಳಾಗುತ್ತದೆ."

ಯಾರಾದರೂ ಹೇಳಿದರೆ! ಜುಬೈಲಿನಲ್ಲಿ ಹೇಳುವವರೇ ಇಲ್ಲ ಅಂತಲ್ಲವೆ ಇಷ್ಟೆಲ್ಲ ಆದದ್ದು? ಮೂಸಬ್ಬ ಕಾಗದವನ್ನು ಮೇಜಿನ ಮೇಲೆಯೇ ಬಿಟ್ಟು, ತಟ್ಟೆಗಳನ್ನು ಒಟ್ಟು ಮಾಡಿಕೊಂಡು ಅಡುಗೆಮನೆಗೆ ಬಂದ. ಸಿಟ್ಟು ಬಂತು, ನಾಚಿಕೆ ಬಂತು, ಅಳು ಬಂತು. ಎಲ್ಲದರ ಹಿಂದೆ ಹಸಿವೂ ಬಂತು. ಬೆಳಿಗ್ಗೆಯಿಂದ ಒಂದು ಚಾ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಅವನ ಕೋಣೆ ಆಗಲೇ ಖಾಲಿಯಾಗಿತ್ತು. ಸ್ಟೌವನ್ನು ಹಿಂದಿನ ದಿನವೇ ಅಣ್ಣು ಹೊತ್ತುಕೊಂಡು ಹೋಗಿದ್ದ. ಹಾಗಾಗಿ ಐದು ವರ್ಷದಲ್ಲಿ ಮೊದಲ ಸಲ ಮೂಸಬ್ಬ ತನ್ನ ಅಡುಗೆಯನ್ನು ಮದಾಮಿನ ಒಲೆಯ ಮೇಲಿಟ್ಟ. ತೆಂಗಿನೆಣ್ಣೆಯ ಬಾಟಲಿ ಬರಿದಾಗಿತ್ತು. ಫ್ರಿಜ್ಜು ಹೇಗೂ ಖಾಲಿ ಮಾಡಬೇಕಾದದ್ದು, ಉಳಿದಿದ್ದ ಬೆಣ್ಣೆಯನ್ನೇ ಬಾಣಲೆಗೆ ಹಾಕಿದ. ಈರುಳ್ಳಿ, ಎರಡು ಹಸಿಮೆಣಸು. ಅದು ಬಾಡಿದ ಮೇಲೆ ಎರಡು ಕಟ್ಟು ಸೊಪ್ಪು. ಹಸಿರು ಸೊಪ್ಪು ಬೆಣ್ಣೆಗೆ ಬಿದ್ದು ಕ್ಷಣದಲ್ಲಿ ಕುಗ್ಗಿ, ಖಾಕಿ ಬಣ್ಣಕ್ಕೆ ತಿರುಗಿ, ಗೊಜ್ಜಿನಂತಾಯಿತು. ಅದರ ಮೇಲೆ ಸಬೂರ್ ಮೀನಿನ ತುಂಡುಗಳನ್ನು ಮಲಗಿಸಿ ಮುಚ್ಚಳ ಮುಚ್ಚಿದ. ಹುಳಿಯ ಆವಿ, ಬೆಣ್ಣೆಯ ಪರಿಮಳ, ಮೀನಿನ ವಾಸನೆ ಮೂರೂ ಸೇರಿ ಅಡುಗೆಮನೆ ತುಂಬಿತು.

ಅನ್ನ ಬಡಿಸಿಕೊಳ್ಳುತ್ತಿದ್ದವನು ಬಾಗಿಲ ಕಡೆ ನೋಡುತ್ತಾನೆ, ಮದಾಮ್ ನಿಂತಿದ್ದಾರೆ. ಒಂದು ಕೈ ಚೌಕಟ್ಟಿನ ಮೇಲೆ.

"ಏನದು?"

ಮೂಸಬ್ಬ ಬಾಣಲೆಗೆ ಅಡ್ಡ ನಿಂತ. ಕದ್ದವನ ಹಾಗೆ. "ಏನಿಲ್ಲ ಮದಾಮ್. ನನಗೆ. ಬಡವರ ಊಟ. ಕಿಟಕಿ ತೆಗೆಯುತ್ತೇನೆ, ವಾಸನೆ ಹೋಗುತ್ತದೆ."

ಮದಾಮ್ ಅವನನ್ನು ಭುಜದಿಂದ ಸರಿಸಿ ಮುಚ್ಚಳ ಎತ್ತಿದರು. ನೋಡಿದರು. ಚಮಚದ ತುದಿಯಲ್ಲಿ ಸ್ವಲ್ಪ ಗೊಜ್ಜು ತೆಗೆದು ನಾಲಿಗೆಗೆ ಇಟ್ಟುಕೊಂಡರು. ಹಸಿಮೆಣಸು ನೆತ್ತಿಗೇರಿ ಕೆಮ್ಮಿದರು. ಕೆಮ್ಮು ನಿಂತ ಮೇಲೂ ಕಣ್ಣ ನೀರು ನಿಲ್ಲಲಿಲ್ಲ.

"ಎಲೆ ತೋರಿಸು."

ಉಳಿದಿದ್ದ ನಾಲ್ಕು ಎಲೆ ತೋರಿಸಿದ. ಒಂದನ್ನು ಹಸಿಯಾಗಿ ಕಚ್ಚಿದರು. ಅಷ್ಟೇ, ಆ ಗಟ್ಟಿ ಹೆಂಗಸು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದು ಕೂತು, ಫ್ರೆಂಚಿನಲ್ಲಿ ಬೈಯತೊಡಗಿದರು. ಮೂಸಬ್ಬನಿಗೆ ಒಂದು ಶಬ್ದ ಅರ್ಥವಾಗಲಿಲ್ಲ. ಆದರೆ ಬೈಗುಳಕ್ಕೆ ಭಾಷೆ ಯಾಕೆ ಬೇಕು?

"ಎಷ್ಟು ವರ್ಷದಿಂದ ಇದನ್ನು ತಿನ್ನುತ್ತಿದ್ದೀ?" ಕೊನೆಗೆ ಇಂಗ್ಲಿಷಿಗೆ ಬಂದರು.

"ಪ್ರತಿ ವರ್ಷ, ಮದಾಮ್. ಈ ಕಾಲಕ್ಕೆ."

"ಎಲ್ಲಿ?"

ಮೂಸಬ್ಬ ಹಿಂಬಾಗಿಲ ಕಡೆ ಕೈ ತೋರಿಸಿದ.

"ನನಗೆ ಯಾಕೆ ಕೊಡಲಿಲ್ಲ?"

"ನಿಮಗೆ ಹೇಗೆ ಕೊಡುವುದು ಮದಾಮ್? ಮರಳಿನಲ್ಲಿ ಬಿಟ್ಟಿ ಬೆಳೆಯುವ ಸೊಪ್ಪು. ಯಾರೂ ಕೊಳ್ಳದ ಮುಳ್ಳು ಮೀನು. ನಿಮಗೆ ಅವಮಾನ ಅಲ್ಲವಾ?"

ಆಗ ಮದಾಮ್ ಹೇಳಿದರು. ಲ್ವಾರ್ ಎಂಬ ನದಿಯ ದಂಡೆಯಲ್ಲಿ ಒಂದು ಸಣ್ಣ ಪೇಟೆ. ಪ್ರತಿ ಶನಿವಾರ ಇಗರ್ಜಿಯ ಮುಂದೆ ಸಂತೆ. ಅಲ್ಲಿ ನೆಲದ ಮೇಲೆ ಗೋಣಿ ಹಾಸಿ ತರಕಾರಿ ಮಾರುತ್ತಿದ್ದ ಹೆಂಗಸೊಬ್ಬಳು ಅವರ ಅಮ್ಮ. ಖೋಬರಿನ ಹ್ಯಾಟು ತೊಟ್ಟ ಯಾವ ಫ್ರೆಂಚ್ ಹೆಂಗಸಿಗೂ ಅವರು ಇದನ್ನು ಹೇಳಿರಲಿಲ್ಲ. ಸಂತೆ ಮುಗಿಯುವ ಹೊತ್ತಿಗೆ ಮೀನಿನವರ ಬುಟ್ಟಿಯಲ್ಲಿ ಯಾರೂ ಕೊಳ್ಳದೆ ಉಳಿಯುತ್ತಿದ್ದದ್ದು ನದಿಯ ಒಂದು ಮುಳ್ಳು ಮೀನು. ಅದನ್ನು ಮಾರದೆ ಉಳಿದ ಕ್ಯಾರೆಟ್ಟಿಗೆ ಬದಲಾಯಿಸಿಕೊಂಡು ಬರುವುದು. ಮನೆಯ ಹಿಂದೆ ಹಾಳು ಗೋಡೆಯ ಬುಡದಲ್ಲಿ ಬೆಳೆಯುವ ಹುಳಿಸೊಪ್ಪನ್ನು ಕಿತ್ತು ಬೆಣ್ಣೆಯಲ್ಲಿ ಬಾಡಿಸಿ ಅದರಲ್ಲಿ ಮೀನನ್ನು ಬೇಯಿಸುವುದು. ವರ್ಷದಲ್ಲಿ ಮೂರು ನಾಲ್ಕು ವಾರ. ಅಮ್ಮ ಬೆರಳಿನಿಂದ ಒಂದೊಂದೇ ಮುಳ್ಳು ತೆಗೆದು ಬಾಯಿಗಿಡುತ್ತಿದ್ದಳು.

"ಆ ಸೊಪ್ಪಿನ ಬೀಜ ಮೂರು ಸಲ ತರಿಸಿದೆ. ಕುಂಡದಲ್ಲಿ ಹಾಕಿದೆ. ಮೂರು ಸಲವೂ ಸುಟ್ಟುಹೋಯಿತು. ಕತೀಫಿನಲ್ಲಿ ಎಷ್ಟು ಹುಡುಕಿದೆ! ಇದೇ ಅಂತ ನನಗೆ ಗೊತ್ತಾಗಲಿಲ್ಲ. ನಮ್ಮೂರಿನ ಎಲೆ ಉದ್ದ ಇರುತ್ತದೆ." ಮೂಗು ಒರೆಸಿಕೊಂಡರು. "ಅಮ್ಮನ ಗೋಣಿಯ ಮೇಲೆ ಕಾಲದ್ದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಕಾಲದ್ದು ತಿನ್ನಬೇಕು ಅಂತ ನಾನು ಯಾಕೆ ಹಟ ಮಾಡುತ್ತಿದ್ದೆ ಅಂದುಕೊಂಡೆ?"

ಜಿಪುಣತನ ಅಂದುಕೊಂಡಿದ್ದೆ ಅಂತ ಮೂಸಬ್ಬ ಹೇಳಲಿಲ್ಲ, ಹೇಳುವಷ್ಟು ಪೆದ್ದ ಅವನಲ್ಲ. ತನ್ನ ತಟ್ಟೆಯನ್ನೇ ಅವರ ಮುಂದೆ ಇಟ್ಟ. ಫೋರ್ಕು ಹುಡುಕಲು ಹೊರಟರೆ ಬೇಡ ಅಂದರು. ಮುಳ್ಳು ಮೀನಿಗೆ ಫೋರ್ಕು ಹಿಡಿದವರು ಉಪವಾಸ ಸಾಯುತ್ತಾರೆ. ಆದರೆ ನಲವತ್ತು ವರ್ಷ ಅಭ್ಯಾಸ ತಪ್ಪಿದ ಬೆರಳಿಗೆ ಮುಳ್ಳು ಸಿಕ್ಕದೆ ಒದ್ದಾಡಿದರು. ಮೂಸಬ್ಬ ಕೈ ತೊಳೆದು ಬಂದು, ಪಕ್ಕದಲ್ಲಿ ನಿಂತೇ, ಮೀನಿನ ಬೆನ್ನಿನಿಂದ ಕೂದಲೆಳೆಯಂಥ ಮುಳ್ಳುಗಳನ್ನು ಒಂದೊಂದೇ ಎಳೆದು ತಟ್ಟೆಯ ಅಂಚಿಗೆ ಇಡುತ್ತ ಹೋದ. ಮದಾಮ್ ಅನ್ನದ ಜೊತೆ ಎಲ್ಲವನ್ನೂ ತಿಂದರು. ಮೆಣಸಿಗೆ ಕೆಮ್ಮಿದರು, ಮತ್ತೆ ತಿಂದರು. ಬಾಣಲೆ ಬರಿದಾಯಿತು. ಅವನ ಪಾಲಿಗೆ ಏನೂ ಉಳಿಯಲಿಲ್ಲ. ಆ ಮಧ್ಯಾಹ್ನ ಮೂಸಬ್ಬ ಬಾತುಕೋಳಿ ತಿಂದ.

ಸಾಯಂಕಾಲ ಮೊದಲಿನ ಕಾಗದ ಹರಿದು ಹೋಗಿತ್ತು. ಮದಾಮ್ ಇನ್ನೊಂದನ್ನು ಬರೆದು ಲಕೋಟೆಗೆ ಅಂಟು ಹಾಕಿ ಕೊಟ್ಟರು. ಇದರಲ್ಲಿ ಏನಿದೆ ಅಂತ ಮಾತ್ರ ಹೇಳಲಿಲ್ಲ. ಶನಿವಾರ ದಹ್ರಾನಿನ ವಿಮಾನ ನಿಲ್ದಾಣದಲ್ಲಿ ಸಾಹೇಬರು ಕೈ ಕುಲುಕಿದರು. ಮದಾಮ್ ಅವನ ಎರಡೂ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ಒತ್ತಿ, ತಿರುಗಿ ಕುಂಟುತ್ತ ಒಳಗೆ ಹೋದರು.

ಹತ್ತು ದಿನದ ಮೇಲೆ ಅಣ್ಣು ಅವನನ್ನು ಜುಬೈಲಿಗೆ ಕರೆದುಕೊಂಡು ಹೋದ. ಹೊಸ ಸಾಹೇಬ ಎಳೆಯ ವಯಸ್ಸಿನವನು. ಲಕೋಟೆ ಒಡೆದು ಓದಿದ. ಮತ್ತೊಮ್ಮೆ ಓದಿದ. ಒಳಗಿನಿಂದ ಹೆಂಡತಿಯನ್ನು ಕರೆದು ಅವಳಿಗೂ ಓದಿಸಿದ. ಯಾವತ್ತೂ ಬೇಡಿಕೊಳ್ಳದ ಮೂಸಬ್ಬ ಕೇಳಿಯೇ ಬಿಟ್ಟ: "ಸಾರ್, ಏನು ಬರೆದಿದ್ದಾರೆ? ದಯವಿಟ್ಟು."

ಸಾಹೇಬ ನಿಧಾನವಾಗಿ, ಒಂದೊಂದೇ ಸಾಲನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ.

"ಈ ಮನುಷ್ಯ ನಿಮಗೆಂದು ಮಾಡುವ ಅಡುಗೆ ಚೆನ್ನಾಗಿರುತ್ತದೆ. ಅದನ್ನು ನಿಮ್ಮ ಅತಿಥಿಗಳಿಗೆ ಬಡಿಸಿ. ನಿಮಗೆ ಊರು ನೆನಪಾದ ದಿನ ಅಡುಗೆಮನೆಗೆ ಹೋಗಿ, ಇವನು ತನಗೆ ಏನು ಮಾಡಿಕೊಂಡಿದ್ದಾನೆ ಅಂತ ಕೇಳಿ. ನಾನು ಐದು ವರ್ಷ ಕೇಳಲಿಲ್ಲ. ನೀವು ಮೊದಲ ದಿನವೇ ಕೇಳಿ."

ಸಾಹೇಬ ಕಾಗದ ಮಡಚಿದ. ಕೆಲಸ ಅವನದೇ ಅಂದ. ಇವತ್ತಿನಿಂದಲೇ ಅಂದ. ಮೂಸಬ್ಬ ಬಾಗಿಲಲ್ಲಿ ನಿಂತವನು ಗೋಡೆಯ ಕಡೆ ತಿರುಗಿ ಮಕ್ಕಳ ಹಾಗೆ ಅತ್ತುಬಿಟ್ಟ. ಪಾಪ, ಕೆಲಸ ಸಿಕ್ಕಿದ ಸಂತೋಷಕ್ಕೆ ಅಂತ ಗಂಡ ಹೆಂಡತಿ ಇಬ್ಬರೂ ತಿಳಿದುಕೊಂಡು ಅವನಿಗೆ ನೀರು ತಂದು ಕೊಟ್ಟರು. ಅವನು ಅತ್ತದ್ದು ಅದಕ್ಕಲ್ಲ. ಆ ಹೆಂಗಸು ಅಮ್ಮನ ಕೈತುತ್ತಿಗೆ ಐದು ವಸಂತ ಹಸಿದು ಕೂತಿದ್ದ ಮನೆಯಲ್ಲಿ, ಒಂದೇ ಗೋಡೆಯ ಆಚೆ, ಇವನು ಅದನ್ನೇ ಹೊಟ್ಟೆ ತುಂಬ ಉಂಡು ಕೈ ತೊಳೆದುಕೊಂಡಿದ್ದ.